ಇಸೆ ಜಿಂಗೂ: ಕಾಡಿನೊಳಗಿನ ಸನ್ನಿಧಿಗೆ ಹೋಗಿಬರುವ ಕ್ರಮ

ಜಪಾನಿನ ಇಸೆ ಜಿಂಗೂ ದೇವಸ್ಥಾನಕ್ಕೆ ಹೊರಡುವ ಮೊದಲೇ ಒಂದು ಮಾತು ಗೊತ್ತಿರಲಿ: ಅಲ್ಲಿ ದರ್ಶನ ಇಲ್ಲ. ಮೂರ್ತಿ ಕಾಣುವುದಿಲ್ಲ, ಗರ್ಭಗುಡಿಯ ಬಾಗಿಲು ತೆರೆಯುವುದಿಲ್ಲ, ಮಂಗಳಾರತಿ ಇಲ್ಲ, ಪ್ರದಕ್ಷಿಣೆ ಹಾಕಲು ದಾರಿಯೂ ಇಲ್ಲ. ಗುಡಿಯನ್ನು ಸುತ್ತುವರಿದ ಮರದ ಬೇಲಿಯ ಹೊರಗಡೆ, ಒಂದು ಬಿಳಿ ಪರದೆಯ ಮುಂದೆ ನಿಂತು ಕೈಮುಗಿದು ಹಿಂದಿರುಗಬೇಕು. ಇದು ತಿಳಿಯದೆ ಹೋದವರು ಸೇತುವೆಯಿಂದ ಬಿರಬಿರನೆ ನಡೆದು ಪರದೆಯ ಮುಂದೆ ನಿಂತು ‘ಇಷ್ಟೇನಾ?’ ಅಂದುಕೊಂಡು ವಾಪಸು ಬರುತ್ತಾರೆ. ಇಸೆಯಲ್ಲಿ ನೋಡಬೇಕಾದ್ದು ದಾರಿಯ ಕೊನೆಯಲ್ಲಿಲ್ಲ, ದಾರಿಯಲ್ಲೇ ಇದೆ. ಕಾಡು, ನದಿ, ಬೆಣಚುಕಲ್ಲಿನ ಹಾದಿ, ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗುವ ಮರದ ಗುಡಿ, ಇವೆಲ್ಲ ಒಂದಕ್ಕೊಂದು ಹೇಗೆ ಬೆಸೆದುಕೊಂಡಿವೆ ಎಂಬುದನ್ನು ನಡೆಯುತ್ತಲೇ ಅರಿಯಬೇಕು. ಆದ್ದರಿಂದ ಸಮಯ, ಕ್ರಮ, ಕಾಲಿಗೆ ಹಾಕುವ ಬೂಟು ಈ ಮೂರನ್ನೂ ಮೊದಲೇ ಸರಿಮಾಡಿಕೊಳ್ಳಿ.

ಯಾವುದು ಎಲ್ಲಿದೆ

ಜಪಾನಿನ ಮಿಎ ಪ್ರಾಂತದ ಇಸೆ ಊರಲ್ಲಿರುವ ಜಿಂಗೂ ಒಂದೇ ಗುಡಿಯಲ್ಲ, ದೊಡ್ಡವು ಚಿಕ್ಕವು ಸೇರಿ 125 ಗುಡಿಗಳ ಬಳಗ. ಅವುಗಳಲ್ಲಿ ಮುಖ್ಯವಾದವು ಎರಡು. ಗೆಕು, ಅಂದರೆ ಹೊರಗಿನ ಸನ್ನಿಧಿ, ಅನ್ನಾಹಾರದ ದೇವತೆ ತೊಯೊಉಕೆ ಓಮಿಕಾಮಿಯದು. ನೈಕು, ಅಂದರೆ ಒಳಗಿನ ಸನ್ನಿಧಿ, ಸೂರ್ಯದೇವತೆ ಅಮತೆರಾಸು ಓಮಿಕಾಮಿಯದು. ಎರಡರ ನಡುವೆ ನಾಲ್ಕೈದು ಕಿಲೋಮೀಟರ್ ಅಂತರ. ‘ಇಸೆ ದೇವಸ್ಥಾನ’ ಎಂದು ಫೋನಿನ ನಕ್ಷೆಯಲ್ಲಿ ಹುಡುಕಿ ನೇರ ನೈಕುವಿಗೆ ಹೋಗಿಬಿಡುವುದು ಬಹಳ ಜನ ಮಾಡುವ ತಪ್ಪು. ಪದ್ಧತಿಯಂತೆ ಗೆಕು ಮೊದಲು, ನೈಕು ಆಮೇಲೆ. ಜಿಂಗೂವಿನ ಉತ್ಸವಗಳೂ ಗೆಕುವಿನಲ್ಲಿ ಮೊದಲು ನಡೆದು ಆಮೇಲೆ ನೈಕುವಿಗೆ ಸಾಗುತ್ತವೆ; ಭಕ್ತರು ಅದೇ ಕ್ರಮವನ್ನು ಹಿಡಿಯುತ್ತಾರೆ.

ಯಾವಾಗ ಹೋಗಬೇಕು

ಪ್ರವೇಶಕ್ಕೆ ದುಡ್ಡಿಲ್ಲ. ವರ್ಷವಿಡೀ ಬೆಳಿಗ್ಗೆ 5ಕ್ಕೆ ತೆರೆಯುತ್ತದೆ. ಮುಚ್ಚುವ ಹೊತ್ತು ಮಾತ್ರ ಬದಲಾಗುತ್ತದೆ: ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಸಂಜೆ 5, ಜನವರಿಯಿಂದ ಏಪ್ರಿಲ್‌ವರೆಗೆ ಮತ್ತು ಸೆಪ್ಟೆಂಬರಿನಲ್ಲಿ 6, ಮೇ ತಿಂಗಳಿಂದ ಆಗಸ್ಟ್‌ವರೆಗೆ 7. ಹೊಸವರ್ಷದ ಆಸುಪಾಸಿನಲ್ಲಿ ವೇಳೆ ಬೇರೆ ಇರುತ್ತದೆ, ಜನಸಾಗರವೂ ಇರುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಸಾಲುರಜೆ ಮತ್ತು ಆಗಸ್ಟ್ ನಡುವಿನ, ಗತಿಸಿದ ಹಿರಿಯರನ್ನು ನೆನೆಯುವ ಓಬೊನ್ ಹಬ್ಬದ ದಿನಗಳನ್ನೂ ಬಿಡುವುದು ಒಳ್ಳೆಯದು.

ಆಗುವುದಾದರೆ ಹಿಂದಿನ ರಾತ್ರಿ ಇಸೆಯಲ್ಲೇ ಉಳಿದು ಬೆಳಿಗ್ಗೆ ಆರರೊಳಗೆ ಗೆಕುವಿನ ಬಾಗಿಲಲ್ಲಿರಿ. ಹತ್ತು ಗಂಟೆಯ ಹೊತ್ತಿಗೆ ಪ್ರವಾಸಿ ಬಸ್ಸುಗಳು ಬರತೊಡಗುತ್ತವೆ. ಆಮೇಲೆ ಕೇಳಿಸುವುದು ಕಾಡಿನ ಸದ್ದಲ್ಲ, ಗೈಡುಗಳ ಸದ್ದು. ಪ್ರತಿ ತಿಂಗಳ 1ನೇ ತಾರೀಕು ಇಲ್ಲಿಯವರು ವಿಶೇಷವಾಗಿ ಬರುವ ದಿನ, ಮುಂಜಾನೆಯೇ ನೂಕುನುಗ್ಗಲು. ಆದರೆ 1, 11, 21ನೇ ತಾರೀಕುಗಳ ಬೆಳಿಗ್ಗೆ ಸುಮಾರು 8ಕ್ಕೆ ಸನ್ನಿಧಿಯ ಕುದುರೆಯನ್ನು ಅಲಂಕರಿಸಿ ದೇವರ ಮುಂದಕ್ಕೆ ಕರೆತಂದು ತಲೆಬಾಗಿಸುತ್ತಾರೆ. ಅದನ್ನು ನೋಡುವ ಆಸೆಯಿದ್ದರೆ 11 ಅಥವಾ 21 ಆಯ್ದುಕೊಳ್ಳಿ. ನವೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ ನೈಕುವಿನ ಉಜಿ ಸೇತುವೆಯ ದ್ವಾರದ ನಡುವಿನಿಂದಲೇ ಸೂರ್ಯ ಮೂಡುತ್ತಾನೆ. ಅದಕ್ಕಾಗಿ ಬರುವವರು ಗೆಕುವನ್ನು ಹಿಂದಿನ ಸಂಜೆಯೇ ಮುಗಿಸಿಕೊಂಡಿರಬೇಕು.

ತಲುಪುವುದು

ನಗೊಯಾದಿಂದ ಕಿಂತೆತ್ಸು ಕಂಪನಿಯ ಎಕ್ಸ್‌ಪ್ರೆಸ್ ರೈಲಿನಲ್ಲಿ ಇಸೆಶಿ ನಿಲ್ದಾಣಕ್ಕೆ ಸುಮಾರು ಒಂದೂವರೆ ಗಂಟೆ. ಓಸಾಕಾದಿಂದ ಒಂದೂಮುಕ್ಕಾಲು ಗಂಟೆ ಹಿಡಿಯಿರಿ. ಈ ರೈಲಿಗೆ ಮೂಲ ಟಿಕೆಟ್ಟಿನ ಜೊತೆಗೆ ಎಕ್ಸ್‌ಪ್ರೆಸ್ ಟಿಕೆಟ್ ಬೇರೆಯಾಗಿ ಕೊಳ್ಳಬೇಕು. ಬರೀ ಕಾರ್ಡ್ ತಟ್ಟಿ ಒಳಗೆ ಹೋದರೆ ರೈಲಿನಲ್ಲಿ ಬಾಕಿ ಕಟ್ಟಬೇಕಾಗುತ್ತದೆ. ಜೆಆರ್ ಕಂಪನಿಯ ರೈಲುಗಳಲ್ಲಿ ನಡೆಯುವ ಪ್ರವಾಸಿ ಪಾಸ್ ಇರುವವರು ನಗೊಯಾದಿಂದ ‘ಮಿಎ’ ಎಂಬ ವೇಗದ ರೈಲಿನಲ್ಲೂ ಬರಬಹುದು. ಆದರೆ ಆ ದಾರಿಯ ನಡುವಿನ ಒಂದು ತುಂಡು ಬೇರೆ ಕಂಪನಿಯ ಹಳಿ, ಅದಕ್ಕೆ ಪಾಸ್ ನಡೆಯುವುದಿಲ್ಲ, ಚಿಲ್ಲರೆ ಕೈಯಲ್ಲಿರಲಿ. ಸೂಟ್‌ಕೇಸನ್ನು ನಿಲ್ದಾಣದ ಲಾಕರಿನಲ್ಲಿ ಬಿಡಿ, ಏಕೆಂದರೆ ಬೆಣಚುಕಲ್ಲಿನ ಹಾದಿಯಲ್ಲಿ ಅದರ ಚಕ್ರ ಉರುಳುವುದಿಲ್ಲ.

ನಿಲ್ದಾಣದ ದಕ್ಷಿಣದ ಬಾಗಿಲಿನಿಂದ ಗೆಕುವಿಗೆ ಐದಾರು ನಿಮಿಷದ ನಡಿಗೆ. ಗೆಕುವಿನಿಂದ ನೈಕುವಿಗೆ 51 ಮತ್ತು 55ನೇ ನಂಬರಿನ ಬಸ್ಸುಗಳಿವೆ, ಇಪ್ಪತ್ತು ನಿಮಿಷದ ಆಸುಪಾಸು. ಬಸ್ಸಿಲ್ಲದೆ ನಡೆದರೆ ಒಂದು ಗಂಟೆ.

ಉಡುಪು, ಬೂಟು, ಸೂತಕ

ಇಲ್ಲಿ ಚಪ್ಪಲಿ ಬಿಡುವ ಪದ್ಧತಿಯಿಲ್ಲ. ದ್ವಾರ ಕಂಡೊಡನೆ ಕಾಲು ತಾನಾಗಿ ಚಪ್ಪಲಿಯಿಂದ ಹೊರಬಂದರೂ ತಡೆಯಿರಿ. ಬೆಣಚುಕಲ್ಲಿನ ಮೇಲೆ ಬರಿಗಾಲಲ್ಲಿ ಎರಡು ಕಿಲೋಮೀಟರ್ ಸಾಗುವುದಿಲ್ಲ. ದಪ್ಪ ಅಟ್ಟೆಯ ಬೂಟು ಬೇಕು. ಹಿಮ್ಮಡಿ ಎತ್ತರದ್ದು ಕಲ್ಲಿನ ನಡುವೆ ಸಿಕ್ಕಿಕೊಂಡು ಕಾಲು ಉಳುಕುತ್ತದೆ, ತೆಳು ಅಟ್ಟೆಯದಾದರೆ ನೈಕುವಿನ ಅರ್ಧದಾರಿಯಲ್ಲೇ ಪಾದ ನೋಯುತ್ತದೆ. ಹಿರಿಯರನ್ನು ಕರೆದೊಯ್ಯುವವರು ಸನ್ನಿಧಿಯಲ್ಲೇ ಗಾಲಿಕುರ್ಚಿ ಕೇಳಿ ಪಡೆಯಬಹುದು. ಆದರೆ ನೈಕುವಿನ ಮುಖ್ಯ ಗುಡಿಗೆ ಕಲ್ಲಿನ ಮೆಟ್ಟಿಲು ಹತ್ತಲೇಬೇಕು. ಹತ್ತಲಾಗದವರು ಮೆಟ್ಟಿಲ ಬುಡದಲ್ಲಿ ನಿಂತು ಬಾಗಿದರೆ ಲೋಪವೇನಿಲ್ಲ.

ಉಡುಪಿಗೆ ಕಟ್ಟುಪಾಡಿಲ್ಲ, ಸಭ್ಯವಾಗಿದ್ದರೆ ಸಾಕು. ಬೇಲಿಯ ಒಳಗೆ ಹೋಗಿ ಪ್ರಾರ್ಥಿಸುವ ವಿಶೇಷ ಅನುಮತಿ ಪಡೆದವರು ಮಾತ್ರ ಸೂಟು, ಟೈ ಧರಿಸಿರಬೇಕು.

ನಮ್ಮವರು ಚೆನ್ನಾಗಿ ಬಲ್ಲ ಸೂತಕ ಜಪಾನಿನ ಮೂಲಧರ್ಮವಾದ ಶಿಂಟೋದಲ್ಲೂ ಇದೆ. ಮನೆಯಲ್ಲಿ ಸಾವಾದರೆ ಸಾಮಾನ್ಯವಾಗಿ 50 ದಿನ ದೇವರ ಸನ್ನಿಧಿಗೆ ಹೋಗುವುದಿಲ್ಲ. ಬಾಗಿಲಲ್ಲಿ ಯಾರೂ ವಿಚಾರಿಸುವುದಿಲ್ಲ, ಆದರೂ ಆ ಕಟ್ಟಳೆಯನ್ನು ಗೌರವಿಸುವುದು ಸರಿ. ಹೂವು, ಹಣ್ಣು, ತೆಂಗಿನಕಾಯಿ, ಊದುಬತ್ತಿ ಏನೂ ತರಬೇಡಿ. ಅದನ್ನು ಒಪ್ಪಿಸಲು ಜಾಗವೇ ಇಲ್ಲ, ಮರ ಮತ್ತು ಹುಲ್ಲಿನಿಂದ ಕಟ್ಟಿದ ಗುಡಿಯ ಹತ್ತಿರ ಕಿಡಿ ಸೋಕಬಾರದು.

ದ್ವಾರದಿಂದ ನೀರಿನವರೆಗೆ

ಎರಡು ಕಂಬ, ಮೇಲೆ ಎರಡು ಅಡ್ಡತೊಲೆ, ಇಷ್ಟೇ ಇರುವ ದ್ವಾರಕ್ಕೆ ತೊರಿ ಎಂದು ಹೆಸರು. ಇಸೆಯಲ್ಲಿ ಅದಕ್ಕೆ ಬಣ್ಣ ಬಳಿಯುವುದಿಲ್ಲ, ಹುಲ್ಲಿನ ಹಗ್ಗ ಕಟ್ಟುವುದಿಲ್ಲ. ಸಕಾಕಿ ಎಂಬ ನಿತ್ಯಹಸಿರು ಗಿಡದ ಸೊಪ್ಪನ್ನು ಕಂಬಕ್ಕೆ ಕಟ್ಟಿರುತ್ತಾರೆ. ದಾಟುವ ಮೊದಲು ನಿಂತು, ಟೋಪಿ ತೆಗೆದು, ಒಮ್ಮೆ ತಲೆಬಾಗಿ. ಹಾದಿಯ ನಟ್ಟನಡುವೆ ನಡೆಯಬಾರದು, ಅದು ದೇವರ ಸಂಚಾರಕ್ಕೆ ಬಿಟ್ಟ ಜಾಗ. ಗೆಕುವಿನಲ್ಲಿ ಎಡಬದಿ, ನೈಕುವಿನಲ್ಲಿ ಬಲಬದಿ. ಗೊಂದಲವಾದರೆ ಕೈತೊಳೆಯುವ ಮಂಟಪ ಯಾವ ಬದಿಗಿದೆ ನೋಡಿ, ನಡೆಯಬೇಕಾದ ಬದಿಯೂ ಅದೇ.

ಕೈತೊಳೆಯುವುದು ನಮ್ಮ ಮಡಿಯ ಹಾಗೆ. ಕೊಳೆ ಹೋಗಿಸಲು ಅಲ್ಲ, ಶುದ್ಧವಾಗಲು. ಒಂದೇ ಸೌಟು ನೀರಿನಲ್ಲಿ ಎಲ್ಲವೂ ಮುಗಿಯಬೇಕು.

1. ಬಲಗೈಯಲ್ಲಿ ಸೌಟು ಹಿಡಿದು ತುಂಬ ನೀರು ಮೊಗೆದು ಎಡಗೈಗೆ ಸ್ವಲ್ಪ ಸುರಿಯಿರಿ.
2. ಸೌಟನ್ನು ಎಡಗೈಗೆ ಬದಲಿಸಿ ಬಲಗೈಗೆ ಸುರಿಯಿರಿ.
3. ಮತ್ತೆ ಬಲಗೈಗೆ ಬದಲಿಸಿ. ಎಡಗೈ ಬೊಗಸೆಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ, ತೊಟ್ಟಿಯ ಹೊರಗೆ ಸದ್ದಿಲ್ಲದೆ ಉಗಿಯಿರಿ. ಸೌಟನ್ನು ತುಟಿಗೆ ತಾಗಿಸಬಾರದು, ನೀರು ನುಂಗಬಾರದು.
4. ಬಾಯಿಗೆ ತಾಗಿದ ಎಡಗೈಯನ್ನು ಇನ್ನೊಮ್ಮೆ ತೊಳೆಯಿರಿ.
5. ಉಳಿದ ನೀರು ಹಿಡಿಯ ಮೇಲೆ ಹರಿದಿಳಿಯುವಂತೆ ಸೌಟನ್ನು ನೆಟ್ಟಗೆ ಎತ್ತಿ, ಆಮೇಲೆ ಬೋರಲಾಗಿ ಇಡಿ.

ಹೊಸಬರಿಗೆ ಎರಡನೆಯ ಹೆಜ್ಜೆಯಲ್ಲೇ ನೀರು ಖಾಲಿಯಾಗುತ್ತದೆ. ಧಾರಾಳವಾಗಿ ಸುರಿಯುವುದೇ ಅದಕ್ಕೆ ಕಾರಣ; ಬೆರಳು ನೆನೆದರೆ ಸಾಕು. ಸೌಟು ಇಟ್ಟಿಲ್ಲದಿದ್ದರೆ ಹರಿಯುವ ನೀರಿಗೇ ಕೈಯೊಡ್ಡಿ. ಕರ್ಚೀಫು ಜೇಬಿನಲ್ಲಿರಲಿ, ಒರೆಸಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ.

ಗೆಕು: ಒಂದರಿಂದ ಒಂದೂವರೆ ಗಂಟೆ

ಮುಂಬಾಗಿಲಿನ ಸೇತುವೆ ದಾಟುತ್ತಲೇ ಒಂದು ಭಾರಿ ಕರ್ಪೂರದ ಮರ. ಆಮೇಲೆ ಸುಗಿ ಎಂಬ ಜಪಾನಿ ಸೀಡರ್ ಮರಗಳು ಒತ್ತಾಗುತ್ತವೆ, ಬೆಳಕು ಕಡಿಮೆಯಾಗುತ್ತದೆ. ಮುಖ್ಯ ಗುಡಿಗೆ ನೇರ ಹೋಗಿ. ಚಿಕ್ಕ ಗುಡಿಗಳು ಆಮೇಲೆ.

ಪ್ರಾರ್ಥನೆಯ ಕ್ರಮ ಇಲ್ಲಿನ ಎಲ್ಲ ಗುಡಿಗಳಲ್ಲೂ ಒಂದೇ: ಸೊಂಟ ಬಾಗುವಂತೆ ಎರಡು ಸಲ ಆಳವಾಗಿ ನಮಸ್ಕಾರ, ಎದೆಯ ಎತ್ತರದಲ್ಲಿ ಎರಡು ಚಪ್ಪಾಳೆ, ಕೈಮುಗಿದು ಮೌನ, ಕೊನೆಗೊಂದು ಆಳವಾದ ನಮಸ್ಕಾರ. ಚಪ್ಪಾಳೆ ತಟ್ಟುವಾಗ ಬಲಗೈಯನ್ನು ತುಸು ಕೆಳಗೆ ಜಾರಿಸಿದರೆ ಸದ್ದು ಸ್ಪಷ್ಟವಾಗಿ ಬರುತ್ತದೆ. ಇಸೆಯ ಅರ್ಚಕರು ಎಂಟು ನಮಸ್ಕಾರ, ಎಂಟು ಚಪ್ಪಾಳೆಯ ಹಳೆಯ ಕ್ರಮ ಅನುಸರಿಸುತ್ತಾರೆ. ಅದು ಅವರಿಗೆ ಮಾತ್ರ, ನೋಡಿ ಅನುಕರಿಸಬೇಡಿ.

ಮುಖ್ಯ ಗುಡಿಯ ಮುಂದೆ ಹುಂಡಿ ಇಲ್ಲ. ಹಿಂದೆ ಖಾಸಗಿ ಕಾಣಿಕೆಗೇ ಇಲ್ಲಿ ನಿಷೇಧವಿತ್ತು. ಈಗ ಜನ ಹಾಕುವ ನಾಣ್ಯಕ್ಕೆ ಬಿಳಿ ಬಟ್ಟೆ ಹಾಸಿರುತ್ತಾರೆ. ಮುಖ್ಯ ಸನ್ನಿಧಿಗಳೆರಡರಲ್ಲೂ ‘ಅದು ಬೇಕು, ಇದು ಬೇಕು’ ಎಂದು ಬೇಡುವುದಿಲ್ಲ, ಕೃತಜ್ಞತೆಯನ್ನಷ್ಟೇ ಹೇಳಿಕೊಳ್ಳುತ್ತಾರೆ. ಸ್ವಂತ ಕೋರಿಕೆಗೆ ಗೆಕುವಿನಲ್ಲಿ ತಾಕನೊಮಿಯಾ, ನೈಕುವಿನಲ್ಲಿ ಅರಮತ್ಸುರಿನೊಮಿಯಾ ಎಂಬ ಗುಡಿಗಳಿವೆ. ಭವಿಷ್ಯದ ಚೀಟಿ ಎತ್ತುವ ಪದ್ಧತಿ ಜಪಾನಿನ ಬಹಳಷ್ಟು ಗುಡಿಗಳಲ್ಲಿದೆ, ಇಲ್ಲಿಲ್ಲ. ಹುಡುಕಿ ಹೊತ್ತು ಕಳೆಯಬೇಡಿ.

ಪಕ್ಕದಲ್ಲೇ ಅಷ್ಟೇ ಅಗಲದ, ಬರೀ ಬೆಣಚುಕಲ್ಲು ಹಾಸಿದ ಖಾಲಿ ಜಾಗವಿದೆ. ನಡುವೆ ಒಂದು ಪುಟ್ಟ ಗೂಡು ಬಿಟ್ಟರೆ ಅಲ್ಲೇನಿಲ್ಲ. ಹೆಚ್ಚಿನವರು ಅದನ್ನು ಕಣ್ಣೆತ್ತಿಯೂ ನೋಡದೆ ಹೋಗುತ್ತಾರೆ. ಇಲ್ಲಿ ಐದು ನಿಮಿಷ ನಿಲ್ಲಿ, ಹಿಂದಿನ ಗುಡಿ ಇದ್ದದ್ದು ಇಲ್ಲೇ, ಮುಂದಿನದು ಏಳುವುದೂ ಇಲ್ಲೇ.

ಅಲ್ಲಿಂದ ಕಲ್ಲುಚಪ್ಪಡಿಯ ಸಂಕ ದಾಟಿದರೆ ಮಣ್ಣಿನ ದೇವರು, ಗಾಳಿಯ ದೇವರು. 98 ಮೆಟ್ಟಿಲು ಹತ್ತಿದರೆ ತಾಕನೊಮಿಯಾ. ಮಂಡಿನೋವಿನವರಿಗೆ ಕೆಳಗಿನಿಂದಲೇ ಮೇಲಿನ ದೇವರಿಗೆ ನಮಸ್ಕರಿಸುವ ಜಾಗವನ್ನು ಗುರುತಿಸಿದ್ದಾರೆ.

ಗೆಕುವಿನಲ್ಲಿ ದಿನಕ್ಕೆರಡು ಬಾರಿ, ಬೆಳಿಗ್ಗೆ ಸಂಜೆ, ದೇವರುಗಳಿಗೆ ನೈವೇದ್ಯ ಆಗುತ್ತದೆ. ಅನ್ನ, ನೀರು, ಉಪ್ಪು, ಮೀನು, ಸಮುದ್ರದ ಪಾಚಿ, ತರಕಾರಿ, ಹಣ್ಣು, ಅಕ್ಕಿಯ ಮದ್ಯ. ಅಡುಗೆಯ ಬೆಂಕಿಯನ್ನು ನಮ್ಮ ಯಜ್ಞದ ಅರಣಿಯಂತೆ ಮರಕ್ಕೆ ಮರ ಕಡೆದೇ ಹೊತ್ತಿಸುತ್ತಾರೆ. ಸುಮಾರು 1500 ವರ್ಷಗಳಿಂದ ನಡೆದುಬಂದದ್ದೆಂದು ಸಂಪ್ರದಾಯ ಹೇಳುತ್ತದೆ. ಬಿಳಿಯುಡುಪಿನ ಅರ್ಚಕರು ಪೆಟ್ಟಿಗೆ ಹೊತ್ತು ಬರುವುದು ಕಂಡರೆ ಬದಿಗೆ ಸರಿದು ನಿಲ್ಲಿ, ಕ್ಯಾಮೆರಾ ಹಿಡಿದು ಎದುರಿಗೆ ಹೋಗಬೇಡಿ.

ಹೊರಬರುವ ಮೊದಲು ಕೊಳದ ದಂಡೆಯ ಸೆಂಗುಕಾನ್ ವಸ್ತುಸಂಗ್ರಹಾಲಯಕ್ಕೆ ಅರ್ಧ ಗಂಟೆ ಕೊಡಿ. ಬೇಲಿಯೊಳಗೆ ಕಾಣದ ಮುಖ್ಯ ಗುಡಿಯ ಒಂದು ಭಾಗವನ್ನು ಅದೇ ಅಳತೆಯಲ್ಲಿ ಅಲ್ಲಿ ಕಟ್ಟಿಟ್ಟಿದ್ದಾರೆ. ಮುಂಜಾನೆ ಬಂದವರಿಗೆ ಅದಿನ್ನೂ ತೆರೆದಿರುವುದಿಲ್ಲ. ಹಾಗಾದಾಗ ನೈಕು ಮುಗಿಸಿ ನಿಲ್ದಾಣಕ್ಕೆ ಹಿಂದಿರುಗುವಾಗ ನೋಡಿ.

ನೈಕು: ಎರಡು ಗಂಟೆ ಇಟ್ಟುಕೊಳ್ಳಿ

ಇಸುಜು ನದಿಗೆ ಅಡ್ಡವಾಗಿ 101.8 ಮೀಟರ್ ಉದ್ದದ ಉಜಿ ಸೇತುವೆ. ಎರಡೂ ತುದಿಗೆ 7.44 ಮೀಟರ್ ಎತ್ತರದ ತೊರಿಗಳು. ಈ ತೊರಿಗಳ ಮರ ಮುಂಚೆ ಗೆಕು, ನೈಕು ಗುಡಿಗಳ ಮಾಡಿನ ದಿಂಡನ್ನು ಹೊತ್ತ ಕಂಬಗಳಾಗಿದ್ದವು. ಗುಡಿಯಲ್ಲಿ 20 ವರ್ಷ, ಸೇತುವೆಯ ತೊರಿಯಾಗಿ 20 ವರ್ಷ, ಆಮೇಲೆ ಹಳೆಯ ಯಾತ್ರಾಮಾರ್ಗದ ಕುವಾನಾ ಮತ್ತು ಸೆಕಿ ಊರುಗಳ ತೊರಿಯಾಗಿ ಮತ್ತೆ ಸೇವೆ. ಕೈಯಿಟ್ಟು ನೋಡುವ ಮನಸ್ಸಾಗುತ್ತದೆ, ಕಣ್ಣಲ್ಲೇ ನೋಡಿ. ಸೇತುವೆಯ ಮೇಲ್ಹರಿವಿನ ಕಡೆ ನೀರಲ್ಲಿ ನೆಟ್ಟ ಬಿಡಿ ಕಂಬಗಳು ಕಾಣುತ್ತವೆ. ನೆರೆಯಲ್ಲಿ ತೇಲಿಬರುವ ದಿಮ್ಮಿಗಳು ಸೇತುವೆಯ ಕಾಲಿಗೆ ಬಡಿಯದಂತೆ ತಡೆಯುವುದು ಅವುಗಳ ಕೆಲಸ.

ಸೇತುವೆಯಾಚೆ ಬಲಕ್ಕೆ ತಿರುಗಿ, ವಿಶಾಲ ಉದ್ಯಾನ ದಾಟಿ, ಮೊದಲ ತೊರಿ ಹಾದರೆ ಬಲಗಡೆ ನದಿಗೆ ಇಳಿಯುವ ಕಲ್ಲುಹಾಸು. 1692ರಲ್ಲಿ ಆಗ ದೇಶ ಆಳುತ್ತಿದ್ದ ಸೇನಾಧಿಪತಿ (ಶೋಗುನ್) ತ್ಸುನಯೊಶಿಯ ತಾಯಿ ಕೆಯಿಶೊಇನ್ ಅದನ್ನು ಹಾಕಿಸಿಕೊಟ್ಟರು. ಮಂಟಪದ ಬದಲು ಇಲ್ಲೇ, ಹರಿಯುವ ಹೊಳೆಯಲ್ಲೇ ಕೈತೊಳೆಯುವುದು ಉತ್ತಮ. ನೈಕುವಿನ ಜೀವ ಇರುವುದೇ ಇಲ್ಲಿ ಎನ್ನಬಹುದು. ನೀರಿಗೆ ನಾಣ್ಯ ಎಸೆಯಬೇಡಿ. ಪಾಚಿಗಟ್ಟಿದ ಕೊನೆಯ ಕಲ್ಲು ಜಾರುತ್ತದೆ, ಮಕ್ಕಳ ಕೈ ಹಿಡಿದಿರಿ. ಮಳೆಯಿಂದ ಹೊಳೆ ಏರಿದ್ದರೆ ಇಳಿಯಲು ಹೋಗದೆ ಮಂಟಪಕ್ಕೆ ಹಿಂದಿರುಗಿ.

ಮುಖ್ಯ ಗುಡಿಯ ಮೆಟ್ಟಿಲ ಬುಡವೇ ಫೋಟೋದ ಗಡಿ. ಅಲ್ಲಿಂದ ಮೇಲೆ ಫೋನ್ ಜೇಬಿಗೆ. ಕಾವಲಿನವರು ಸೌಮ್ಯವಾಗಿಯೇ ತಡೆಯುತ್ತಾರೆ, ಅಲ್ಲಿಯವರೆಗೆ ಬಿಡಬಾರದು. ಮೇಲೆ ಕೋಟು, ಟೋಪಿ, ಮಫ್ಲರ್ ತೆಗೆದು ಸರದಿಯಲ್ಲಿ ನಿಲ್ಲಿ. ನಡುವಿನ ಜಾಗಕ್ಕಾಗಿ ಕಾಯಬೇಕಿಲ್ಲ, ಪಕ್ಕದಿಂದ ನಮಸ್ಕರಿಸಿದರೂ ಒಂದೇ. ಬಿಳಿ ಪರದೆ ಗಾಳಿಗೆ ಮೇಲೆದ್ದರೆ ದೇವರು ಬರಮಾಡಿಕೊಂಡಳೆಂದು ಜನ ನಂಬುತ್ತಾರೆ.

ಇಳಿದು ಅರಮತ್ಸುರಿನೊಮಿಯಾ ಕಡೆಗೆ ಹೋಗುವ ದಾರಿಯನ್ನು ತಪ್ಪಿಸಬೇಡಿ. ಇಸೆಯ ಕಟ್ಟಡಶೈಲಿ ಹತ್ತಿರದಿಂದ ಕಾಣುವುದು ಇಲ್ಲೇ. ದಾರಿಯಲ್ಲಿ ಸಿಗುವ ಮಿಶಿನೆನೊಮಿಕುರಾ ಎಂದರೆ ದೇವರ ಭತ್ತದ ಕಣಜ. ನೋಡಬೇಕಾದ್ದು ಇಷ್ಟು: ಬಣ್ಣವಿಲ್ಲದ ಹಿನೋಕಿ (ಜಪಾನಿ ಸೈಪ್ರಸ್) ಮರ, ಹುಲ್ಲಿನ ದಪ್ಪ ಮಾಡು, ನೆತ್ತಿಯ ಮೇಲೆ ಅಡ್ಡಲಾಗಿ ಕೂರಿಸಿದ ಗುಂಡು ದಿಮ್ಮಿಗಳು, ಎರಡೂ ತುದಿಯಲ್ಲಿ ಕೊಂಬಿನಂತೆ ಆಕಾಶಕ್ಕೆ ಚಾಚಿದ ಹಲಗೆಗಳು. ಮುಖ್ಯ ಗುಡಿಗಳಲ್ಲಿ ನೈಕುವಿನದಕ್ಕೆ ದಿಮ್ಮಿ 10, ಕೊಂಬಿನ ತುದಿ ಅಡ್ಡಕ್ಕೆ ಕೊಯ್ದದ್ದು. ಗೆಕುವಿನದಕ್ಕೆ 9, ತುದಿ ಲಂಬವಾಗಿ ಕೊಯ್ದದ್ದು. ಬೇಲಿಯ ಮೇಲಿನಿಂದ ಕಾಣುವ ಇಷ್ಟರಿಂದಲೇ ಯಾವ ಸನ್ನಿಧಿ ಎಂದು ಹೇಳಬಹುದು. ಅರಮತ್ಸುರಿಗೆ ಇಳಿಯುವ ಮೆಟ್ಟಿಲುಗಳಲ್ಲಿ ಒಂದು ಬಿರುಕುಬಿಟ್ಟ ಕಲ್ಲು ‘ಆಕಾಶ’ ಎಂಬರ್ಥದ ಚೀನಾ ಅಕ್ಷರದಂತಿದೆ, ಅದನ್ನು ತುಳಿಯದೆ ದಾಟುತ್ತಾರೆ. ಕೊನೆಗೆ ಚಿಕ್ಕ ಸೇತುವೆಯಾಚೆಯ ಕಜಹಿನೊಮಿನೊಮಿಯಾ, ಮಳೆ ಗಾಳಿಗಳ ದೇವರ ಗುಡಿ. ಪ್ರವಾಸಿ ಗುಂಪುಗಳು ಇಲ್ಲಿಗೆ ಬರುವುದು ಅಪರೂಪ.

ಸೇವೆ ಮಾಡಿಸುವವರು ಕಾಗುರಾ ಮಂಟಪದಲ್ಲಿ ಕೇಳಿ: ಪ್ರಾರ್ಥನೆಗೆ 5,000 ಯೆನ್‌ನಿಂದ, ಸಂಗೀತ ನೃತ್ಯಗಳ ಸೇವೆಗೆ 15,000 ಯೆನ್‌ನಿಂದ ಮೇಲೆ. ಒಳಗೆ ಬೂಟು ಕಳಚಬೇಕು. ಸನ್ನಿಧಿಯ ಮುದ್ರೆ ಹಾಕಿಸಿಕೊಳ್ಳುವವರು ಅದಕ್ಕೆಂದೇ ಇರುವ ಪುಸ್ತಕ ತರಬೇಕು, ಸಾಮಾನ್ಯ ನೋಟ್‌ಬುಕ್ ಒಡ್ಡುವುದು ಸಲ್ಲದು.

ಕಾಡನ್ನು ಓದುವುದು

ಜಿಂಗೂವಿನ ಕಾಡು ಸುಮಾರು 5,500 ಹೆಕ್ಟೇರ್. ಕೊಡಗಿನ ದೇವರಕಾಡು ಕಂಡವರು ‘ಕೊಡಲಿ ಸೋಕದ ಕಾಡು’ ಎಂದುಕೊಳ್ಳಬಹುದು. ಗುಡಿಯ ಸುತ್ತಲಿನದು ಹಾಗೆಯೇ. ಹಿಂದಿನ ಬೆಟ್ಟಗಳ ಕಥೆ ಬೇರೆ. ಇಪ್ಪತ್ತು ವರ್ಷಕ್ಕೊಮ್ಮೆ ಗುಡಿಯನ್ನು ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟಲು ಮರ ಬೇಕು. ಮೊದಲ ಬಾರಿ ಹೀಗೆ ಕಟ್ಟಿದ್ದು 690ರಲ್ಲಿ. ಯುದ್ಧಗಳ ಕಾಲದಲ್ಲಿ ನೂರು ವರ್ಷಕ್ಕೂ ಮೀರಿ ನಿಂತುಹೋದದ್ದುಂಟು; ಆದರೂ 2013ರದು 62ನೆಯದು. ಕಲ್ಲಿನ ಅಡಿಪಾಯವಿಲ್ಲದೆ ಕಂಬವನ್ನು ನೇರ ಮಣ್ಣಿಗೆ ಹೂಳುವುದರಿಂದ ಬುಡ ಕೊಳೆಯುತ್ತದೆ, ಹುಲ್ಲಿನ ಮಾಡು ಜೀರ್ಣವಾಗುತ್ತದೆ. ಒಂದು ಸಲಕ್ಕೆ ಬೇಕಾಗುವ ಹಿನೋಕಿ ಮರ ಸುಮಾರು ಹತ್ತು ಸಾವಿರ. ಇದರ ಜೊತೆಗೆ ದೇವರ ಉಡುಪು, ಆಯುಧ, ಪಾತ್ರೆಗಳು 714 ಬಗೆಯಲ್ಲಿ 1,576 ಹೊಸದಾಗಿ ತಯಾರಾಗುತ್ತವೆ. ಇಪ್ಪತ್ತು ವರ್ಷದ ಅಂತರದಲ್ಲಿ ಹಿರಿಯ ಬಡಗಿಯ ಕೈಕೆಳಗೆ ಕಿರಿಯ ಬಡಗಿ ಕಲಿಯುತ್ತಾನೆ. ಗುಡಿಯ ಜೊತೆಗೆ ಕೈಕಸುಬೂ ಉಳಿದುಬಂದದ್ದು ಹಾಗೆ.

ಶತಮಾನಗಳ ಕಾಲ ಮರ ಕಡಿದದ್ದರಿಂದ ಹತ್ತಿರದ ಹಿನೋಕಿ ಮುಗಿದು ದೂರದ ಕಿಸೊ ಕಣಿವೆಯಿಂದ ತರಬೇಕಾಯಿತು. ಎಡೊ ಕಾಲದಲ್ಲಿ (1603ರಿಂದ 1868) ಲಕ್ಷಗಟ್ಟಲೆ ಬಂದ ಯಾತ್ರಿಕರ ಒಲೆಗೆ ಈ ಬೆಟ್ಟಗಳೇ ಸೌದೆ ಕೊಟ್ಟವು. ಬೋಳಾದ ಬೆಟ್ಟ ನೀರು ಹಿಡಿಯಲಿಲ್ಲ. 1918ರಲ್ಲಿ ಇಸುಜು ಉಕ್ಕಿ ಭಾರಿ ನೆರೆ ಬಂತು. ಆಮೇಲೆ 1923ರಲ್ಲಿ ಒಂದು ಯೋಜನೆ ಶುರುವಾಯಿತು: ಇನ್ನೂರು ವರ್ಷ ಬೆಳೆಸಿ, ಗುಡಿಗೆ ಬೇಕಾದ ಮರವನ್ನು ಇಲ್ಲಿಂದಲೇ ಪಡೆಯುವುದು. 2013ರಲ್ಲಿ ಬಳಸಿದ ಮರದ ಒಂದು ಪಾಲು ಹೀಗೆ ಬೆಳೆಸಿದ ಕಾಡಿನದೇ, ಒತ್ತಾಗಿ ಬೆಳೆದ ತೋಪನ್ನು ವಿರಳ ಮಾಡಲು ಕಡಿದ ಮರಗಳು. ಆ ನೆಡುತೋಪಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಉಜಿ ಸೇತುವೆಯಿಂದ ಕಾಣುವ ಹಿಂದಿನ ಬೆಟ್ಟಸಾಲೇ ಅದರ ದಿಕ್ಕು. 63ನೆಯ ಪುನರ್ನಿರ್ಮಾಣ 2033ಕ್ಕೆ. ಅದರ ಮೊದಲ ವಿಧಿ, ಮರ ಕಡಿಯುವ ಮೊದಲು ಬೆಟ್ಟದ ದೇವರ ಅಪ್ಪಣೆ ಕೇಳುವುದು, 2025ರ ಮೇ ತಿಂಗಳಲ್ಲೇ ಆಗಿದೆ.

ಹಾದಿಬದಿಯ ಹಿರಿಯ ಸುಗಿಗಳನ್ನು ‘ಶಕ್ತಿ ಬರುತ್ತದೆ’ ಎಂದು ಅಪ್ಪಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಸಾವಿರಾರು ಕೈ ಸವರಿ ತೊಗಟೆ ಸವೆಯುತ್ತದೆ, ಬುಡ ತುಳಿದು ಮಣ್ಣು ಗಟ್ಟಿಯಾಗಿ ಬೇರಿಗೆ ನೀರಿಳಿಯದು.

ಊಟದ ವಿಚಾರ

ಸನ್ನಿಧಿಯೊಳಗೆ ತಿನ್ನುವಂತಿಲ್ಲ, ಬಾಯಾರಿದರೆ ನೀರು ಕುಡಿಯಬಹುದು. ನೈಕುವಿನ ಹೊರಗೆ ಸುಮಾರು 800 ಮೀಟರ್ ಉದ್ದದ ಓಹರಾಯಿಮಾಚಿ ಬೀದಿಯ ತುಂಬ ತಿಂಡಿ ಅಂಗಡಿಗಳು. ಸಸ್ಯಾಹಾರಿಗಳು ಎಚ್ಚರವಾಗಿರಬೇಕು: ಊರಿನ ಹೆಸರಿನ ಇಸೆ ಉದೊನ್, ಮೆತ್ತಗಿನ ದಪ್ಪ ಶಾವಿಗೆ, ನೋಡಲು ಬರೀ ಸೋಯಾ ರಸದಂತಿದ್ದರೂ ಆ ಕಪ್ಪು ರಸಕ್ಕೆ ಒಣಮೀನಿನ ಸಾರ ಸೇರಿರುತ್ತದೆ. ‘ಮಾಂಸ ಬೇಡ’ ಎಂದರೆ ಸಾಲದು, ಮೀನಿನ ಸಾರಕ್ಕೆ ಅಲ್ಲಿ ‘ದಾಶಿ’ ಎನ್ನುತ್ತಾರೆ, ಆ ಮಾತನ್ನೇ ಹಿಡಿದು ಕೇಳಿ. ಹೊಟ್ಟೆತುಂಬುವ ಊಟ ಬೇಕಾದವರು ಚಪಾತಿಯನ್ನೋ ಅವಲಕ್ಕಿಯನ್ನೋ ಕಟ್ಟಿಕೊಂಡು ಹೋಗುವುದು ಕ್ಷೇಮ.

ನಿಶ್ಚಿಂತೆಯಿಂದ ತಿನ್ನಬಹುದಾದ್ದು ಅಕಾಫುಕು, 1707ರಿಂದ ನಡೆದುಬಂದ ಅಂಗಡಿಯ ತಿಂಡಿ. ಅಂಟಕ್ಕಿಯ ಉಂಡೆಯ ಮೇಲೆ ಅಜುಕಿ ಎಂಬ ಕೆಂಪು ಕಾಳಿನ ನುಣ್ಣನೆಯ ಹೂರಣ. ಕಡುಬನ್ನು ಒಳಹೊರಗು ಮಾಡಿದಂತೆ. ಹೂರಣದ ಮೇಲಿನ ಮೂರು ಬೆರಳಚ್ಚು ಇಸುಜುವಿನ ಹರಿವು, ಒಳಗಿನ ಬಿಳಿಯುಂಡೆ ನದಿಯ ತಳದ ಬೆಣಚುಕಲ್ಲು. ಮುಖ್ಯ ಅಂಗಡಿ ಬೆಳಿಗ್ಗೆ 5ಕ್ಕೇ ತೆರೆಯುತ್ತದೆ, ಉಂಡೆಯ ತಟ್ಟೆಯ ಜೊತೆ ಬಿಸಿ ಚಹಾ ಕೊಡುತ್ತಾರೆ. ಊರಿಗೆ ಒಯ್ಯಲು ಡಬ್ಬಿ ಕಟ್ಟಿಸುವವರು ಲೆಕ್ಕ ಹಾಕಿ: ಬೇಸಿಗೆಯಲ್ಲಿ ಎರಡು ದಿನ, ಚಳಿಗಾಲದಲ್ಲಿ ಮೂರು ದಿನವಷ್ಟೇ ಬಾಳುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಅಂಟಕ್ಕಿ ಗಟ್ಟಿಯಾಗುತ್ತದೆ. ಬೆಂಗಳೂರಿಗೆ ಹೊರಡುವ ಹಿಂದಿನ ದಿನವೇ ಇಸೆಗೆ ಬಂದವರು ಮಾತ್ರ ಕಟ್ಟಿಸಿಕೊಳ್ಳಲಿ.